ಟ್ಯಾಂಕ್ ಬಿಸಿಯಾಗಿ ಹವಳಗಳೆಲ್ಲ ಬಿಳಿಚಿಕೊಂಡಿವೆ. ಉಳಿಸಿಕೊಳ್ಳಬಹುದಾ?

ಉಳಿಸಿಕೊಳ್ಳಬಹುದು. ಎಲ್ಲವೂ ಉಳಿಯುತ್ತವೆ ಅಂತ ಮಾತು ಕೊಡಲಾರೆ. ಆದರೆ ನೀವು ಬರೆದಿರುವುದನ್ನು ನೋಡಿದರೆ ಮುಕ್ಕಾಲು ಪಾಲು ಚೇತರಿಸಿಕೊಳ್ಳುವ ಹಾಗಿವೆ. ಬಿಳಿಯಾಗಿದೆ ಅನ್ನುವ ಒಂದೇ ಕಾರಣಕ್ಕೆ ಯಾವುದನ್ನೂ ಈಗಲೇ ಕಿತ್ತು ಎಸೆಯಬೇಡಿ.

ಬೇರೆ ಓದುಗರಿಗಾಗಿ ನಿಮ್ಮ ಪ್ರಶ್ನೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಮನೆ ಫೀನಿಕ್ಸ್‌ನಲ್ಲಿ. ಹವಳ ಸಾಕುವ ಉಪ್ಪು ನೀರಿನ ಅಕ್ವೇರಿಯಂ, 75 ಗ್ಯಾಲನ್, ಅಂದರೆ ಸುಮಾರು 284 ಲೀಟರಿನ ಟ್ಯಾಂಕ್. ನೀವು ರಜೆಗೆ ಬೆಂಗಳೂರಿಗೆ ಹೋಗಿದ್ದಾಗ ಮನೆಯ ಎಸಿ ಕೆಟ್ಟು, ನೀರು 32 ಡಿಗ್ರಿ ಸೆಲ್ಸಿಯಸ್‌ಗೆ ಹೋಗಿದೆ. ಈಗ ನೀರು ತಣ್ಣಗಾಗಿದೆ. ಆದರೆ ಹ್ಯಾಮರ್, ಅಕ್ಯಾನ್, ಮಾಂಟಿಪೋರಾ ಅನ್ನುವ ಮೂರು ಬಗೆಯ ಹವಳಗಳೂ ಬಿಳಿಚಿವೆ. ಅಕ್ರೊಪೋರಾ ಅನ್ನುವ ಕೊಂಬೆ ಹವಳದ ಮೈ ಬುಡದಿಂದ ಸುಲಿದುಕೊಂಡು ಬರುತ್ತಿದೆ. ನೀರನ್ನೆಲ್ಲ ಬದಲಿಸಿ ಆಂಟಿಬಯಾಟಿಕ್ ಹಾಕಿ ಅಂತ ಅಂಗಡಿಯವರು ಹೇಳಿದ್ದಾರೆ. ಚೇತರಿಸಿಕೊಂಡ ಮೇಲೆ ಒಂದೆರಡು ತುಂಡು ಬೆಂಗಳೂರಿನ ತಮ್ಮನಿಗೆ ಕೊಡಬಹುದಾ ಅಂತಲೂ ಕೇಳಿದ್ದೀರಿ.

ಮೊದಲು, ಯಾವುದು ಸತ್ತಿದೆ, ಯಾವುದು ಬರೀ ಬಿಳಿಚಿದೆ ಅಂತ ಬೇರೆ ಮಾಡಿಕೊಳ್ಳಿ. ರಾತ್ರಿ ದೀಪ ಆರಿ ಒಂದು ಗಂಟೆಯಾದ ಮೇಲೆ ಸಣ್ಣ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಬಿಳಿಚಿದ ಹವಳದ ಮೇಲೆ ಗಾಜಿನಂಥ ತೆಳು ಪದರ ಇರುತ್ತದೆ. ಬಾಯಿ ಕಾಣುತ್ತದೆ. ಸಣ್ಣ ಸಣ್ಣ ಬೆರಳುಗಳು ಹೊರಗೆ ಬಂದಿರುತ್ತವೆ. ಅದು ಬದುಕಿದೆ. ಸತ್ತ ಜಾಗದಲ್ಲಿ ಬರೀ ಒರಟು ಸುಣ್ಣ ಕಾಣುತ್ತದೆ, ಕೆಲವೇ ದಿನಗಳಲ್ಲಿ ಅದರ ಮೇಲೆ ಹಸಿರು ಅಥವಾ ಕಂದು ಪಾಚಿ ಕೂರುತ್ತದೆ. ಒಂದೇ ಹವಳದಲ್ಲಿ ಅರ್ಧ ಸತ್ತು ಅರ್ಧ ಬದುಕಿರುವುದೂ ಉಂಟು. ಆ ಅರ್ಧದಿಂದಲೇ ಅದು ಮತ್ತೆ ಬೆಳೆಯಬಲ್ಲದು.

ಬಿಳಿಚಿದ್ದು ಯಾಕೆ ಅಂತ ಗೊತ್ತಾದರೆ ಮುಂದೆ ಏನು ಮಾಡಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸ ಮಾಡುತ್ತವೆ. ಅವು ಬೆಳಕಿನಿಂದ ಸಕ್ಕರೆ ಮಾಡಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳದ ಕಂದು ಬಣ್ಣವೂ ಅವುಗಳದ್ದೇ. ನೀರು ಬಿಸಿಯಾದಾಗ ಆ ಪಾಚಿಯ ಕೆಲಸ ಕೆಡುತ್ತದೆ. ಮೇಲಿಂದ ಬೆಳಕೂ ಜೋರಾಗಿದ್ದರೆ ಅದು ಸಕ್ಕರೆಯ ಜೊತೆಗೆ ಹವಳದ ಮೈಯನ್ನೇ ಸುಡುವಂಥ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತದೆ. ಆಗ ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಉಳಿಯುವುದು ಪಾರದರ್ಶಕ ಮೈ, ಅದರಡಿ ಕಾಣುವ ಬಿಳಿ ಸುಣ್ಣದ ಗೂಡು. ಅಂದರೆ ನಿಮ್ಮ ಹವಳಗಳಿಗೆ ಈಗ ಬಂದಿರುವುದು ಸೋಂಕಲ್ಲ, ಹಸಿವು. ಬಿಳಿಚಿದ್ದಕ್ಕೆ ಆಂಟಿಬಯಾಟಿಕ್ ಹಾಕಿ ಏನೂ ಪ್ರಯೋಜನವಿಲ್ಲ. ಟ್ಯಾಂಕ್‌ನ ನೀರನ್ನು ಶುದ್ಧವಾಗಿಡುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಅದರಿಂದ ಪೆಟ್ಟು ಬೀಳಬಹುದು ಅಷ್ಟೆ.

ಸಮುದ್ರದಲ್ಲೂ ಇದೇ ನಡೆಯುತ್ತಿದೆ. 2023ರ ಬೇಸಿಗೆಯಲ್ಲಿ ಫ್ಲಾರಿಡಾ ಕೀಸ್‌ನ ಹವಳ ದಿಬ್ಬಗಳು ಹೀಗೆಯೇ ಬಿಳಿಚಿದವು. ಅಲ್ಲಿ ಮ್ಯಾನಟಿ ಬೇ ಎಂಬ ಕಡೆ ನೀರು 38 ಡಿಗ್ರಿ ದಾಟಿತ್ತು. ಸಮುದ್ರದ ನರ್ಸರಿಗಳಲ್ಲಿ ಬೆಳೆಸಿದ್ದ ಸಾವಿರಾರು ತುಂಡುಗಳನ್ನು ಅಲ್ಲಿನವರು ದೋಣಿಯಲ್ಲಿ ತಂದು ದಡದ ಮೇಲಿನ ತೊಟ್ಟಿಗಳಲ್ಲಿಟ್ಟರು. ಆ ತೊಟ್ಟಿಗಳಲ್ಲಿ ನೀರಿನ ಬಿಸಿ ಅವರ ಕೈಯಲ್ಲಿತ್ತು. ನಿಮ್ಮ ಟ್ಯಾಂಕ್‌ನಲ್ಲೂ ಬಿಸಿ, ಬೆಳಕು, ಊಟ ಮೂರೂ ನಿಮ್ಮ ಕೈಯಲ್ಲಿವೆ. ಆ ಅನುಕೂಲ ಕಡಲಿಗಿಲ್ಲ.

ಬೆಳಕಿನಿಂದ ಶುರು ಮಾಡಿ. ಹೆಚ್ಚಿನವರು ಇಲ್ಲೇ ತಪ್ಪುತ್ತಾರೆ. ಪಾಚಿ ಬೆಳೆಯಲಿ ಅಂತ ದೀಪ ಜಾಸ್ತಿ ಮಾಡುತ್ತಾರೆ. ಬೇಡ. ಪಾಚಿಯ ಬಣ್ಣವೇ ಇಲ್ಲದ ಮೈ ಅದು, ಬೆಳಕು ನೇರವಾಗಿ ಒಳಗೆ ಹೋಗಿ ಬಿಳಿ ಗೂಡಿಗೆ ಬಡಿದು ಇನ್ನೊಮ್ಮೆ ವಾಪಸ್ ಬರುತ್ತದೆ. ಅಳಿದುಳಿದ ಪಾಚಿಗೂ ಡಬಲ್ ಹೊಡೆತ. ಎಲ್‌ಇಡಿಯನ್ನು ಈಗಿರುವುದರ ಅರ್ಧಕ್ಕೆ ಇಳಿಸಿ. ಬಿಳಿ ದೀಪವನ್ನು ಇನ್ನೂ ಕಡಿಮೆ ಮಾಡಿ, ನೀಲಿಯನ್ನು ಉಳಿಸಿಕೊಳ್ಳಿ. ದೀಪ ಉರಿಯುವ ಹೊತ್ತನ್ನು ದಿನಕ್ಕೆ ಆರೇಳು ತಾಸಿಗೆ ಮೊಟಕು ಮಾಡಿ. ಹವಳಕ್ಕೆ ಬಣ್ಣ ಬರಲು ಶುರುವಾದ ಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಪಾಚಿಗೆ ಬಳಕೆಯಾಗುವ ಬೆಳಕನ್ನು (ಪಾರ್) ಅಳೆಯುವ ಪಾರ್ ಮೀಟರ್ ಬಾಡಿಗೆಗೆ ಸಿಕ್ಕರೆ ತನ್ನಿ, ಅಮೆರಿಕದಲ್ಲಿ ಎಷ್ಟೋ ಅಂಗಡಿಗಳು, ಕ್ಲಬ್‌ಗಳು ಕೊಡುತ್ತವೆ. ಹ್ಯಾಮರ್, ಅಕ್ಯಾನ್‌ಗೆ ಸದ್ಯಕ್ಕೆ 50ರಿಂದ 80 ಪಾರ್ ಸಾಕು. ಹವಳವನ್ನು ಕಿತ್ತು ಕೆಳಗೆ ಇಡುವುದಕ್ಕಿಂತ ದೀಪವನ್ನೇ ಇಳಿಸುವುದು ಒಳ್ಳೆಯದು. ಮುಟ್ಟಿದಷ್ಟೂ ಅದರ ಮೈ ಹರಿಯುತ್ತದೆ.

ಇನ್ನು ನೀರು. ಪೂರ್ತಿ ಬದಲಿಸಬೇಡಿ. ಒಂದು ಹೊಡೆತ ತಿಂದ ಪ್ರಾಣಿಗೆ ಅದು ಎರಡನೇ ಹೊಡೆತ. ಮೊದಲು ಅಮೋನಿಯಾ ನೋಡಿ, ಯಾಕೆಂದರೆ ಬಿಸಿಗೆ ಬಂಡೆಯೊಳಗಿನ ಹುಳ, ಬಸವನಹುಳುಗಳೂ ಸತ್ತಿರಬಹುದು. ಕೊಳೆತದ್ದು ಕಂಡರೆ ತೆಗೆದುಹಾಕಿ. ಮೂರ್ನಾಲ್ಕು ದಿನಕ್ಕೊಮ್ಮೆ ನೂರಕ್ಕೆ 10ರಷ್ಟು ನೀರು ಬದಲಿಸಿದರೆ ಸಾಕು. ಹೊಸ ನೀರಿನ ಉಪ್ಪು, ಬಿಸಿ, ಆಲ್ಕಲಿನಿಟಿ (ಹವಳ ಗೂಡು ಕಟ್ಟಲು ಬಳಸುವ ಕಾರ್ಬೊನೇಟ್‌ಗಳ ಅಳತೆ) ಹಳೆಯದಕ್ಕೆ ಹೊಂದಬೇಕು. ಅಮೋನಿಯಾ ಕಂಡರೆ ಮಾತ್ರ ಜಾಸ್ತಿ ಬದಲಿಸಿ. ಫಿಲ್ಟರ್‌ಗೆ ಆಕ್ಟಿವೇಟೆಡ್ ಕಾರ್ಬನ್ (ಇದ್ದಿಲು) ಹಾಕಿ, ಕೆಲವು ದಿನಗಳಿಗೊಮ್ಮೆ ಹೊಸದು ಮಾಡಿ. ನೋವಲ್ಲಿರುವ ಹವಳಗಳು ನೀರಿಗೆ ಬಿಡುವ ವಿಷವನ್ನು ಅದು ಹಿಡಿದುಕೊಳ್ಳುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಉಪ್ಪಿನಂಶದ ಸುದ್ದಿಯೇ ಇಲ್ಲ. ಎಸಿ ಇಲ್ಲದೆ, ಫೀನಿಕ್ಸ್‌ನ ಒಣ ಗಾಳಿಯಲ್ಲಿ, 32 ಡಿಗ್ರಿಯ ನೀರು ಎಷ್ಟು ಬೇಗ ಆವಿಯಾಗುತ್ತದೆ ಯೋಚಿಸಿ. ಆವಿಯಾಗುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ. ಆವಿಯಾದಷ್ಟು ಸಿಹಿನೀರು ತುಂಬುವ ಟಾಪ್ ಆಫ್ ಡಬ್ಬ ಬರಿದಾಗಿದ್ದರೆ ಉಪ್ಪು ಏರಿರುತ್ತದೆ, ಅಲ್ವಾ? ಇವತ್ತೇ ಅಳೆಯಿರಿ. 35 ಪಿಪಿಟಿ (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು), ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಆಸುಪಾಸು ಇರಬೇಕು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಶುದ್ಧೀಕರಿಸಿದ ಆರ್‌ಓ ನೀರಿನ ಬದಲು 35 ಪಿಪಿಟಿಯ ದ್ರಾವಣದಿಂದ ಸರಿ ಮಾಡಿಕೊಂಡು ಅಳೆಯಿರಿ. ಏರಿದ್ದರೆ ಒಂದೇ ಸಲ ಇಳಿಸಬೇಡಿ, ದಿನಕ್ಕೆ ಒಂದು ಪಿಪಿಟಿ ಸಾಕು.

ಇನ್ನೊಂದು ಬಹಳ ಮುಖ್ಯ. ಆಲ್ಕಲಿನಿಟಿ, ಕ್ಯಾಲ್ಸಿಯಂ ದ್ರಾವಣಗಳನ್ನು ತಾನಾಗಿ ಸುರಿಯುವ ನಿಮ್ಮ ಡೋಸಿಂಗ್ ಪಂಪ್ ಹಳೆಯ ಲೆಕ್ಕದಲ್ಲೇ ಓಡುತ್ತಿದೆಯಾ? ಬಿಳಿಚಿದ ಹವಳ ಸುಣ್ಣದ ಗೂಡು ಕಟ್ಟುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ಹಾಗಾಗಿ ಮೊದಲಿನಷ್ಟು ಆಲ್ಕಲಿನಿಟಿ, ಕ್ಯಾಲ್ಸಿಯಂ ಖರ್ಚಾಗುವುದಿಲ್ಲ. ಪಂಪ್ ಮಾತ್ರ ಸುರಿಯುತ್ತಲೇ ಇರುತ್ತದೆ. ಒಂದೇ ವಾರದಲ್ಲಿ ಆಲ್ಕಲಿನಿಟಿ 8ರಿಂದ 11 ಡಿಕೆಎಚ್‌ಗೆ (ಆಲ್ಕಲಿನಿಟಿಯ ಅಳತೆಮಾನ) ಹೋಗಿ, ಬಿಸಿಯಿಂದ ಬಚಾವಾದ ಹವಳ ಇದರಿಂದ ಸಾಯಬಹುದು. ಬಿಸಿಯ ನಂತರದ ಸಾವುಗಳನ್ನು ನೋಡುವಾಗ ನಾನು ಮೊದಲು ಕೇಳುವುದೇ ಇದನ್ನು. ಡೋಸನ್ನು ಅರ್ಧ ಮಾಡಿ, ದಿನಾ ಒಂದೇ ಹೊತ್ತಿಗೆ ಅಳೆದು ನಿಧಾನಕ್ಕೆ ಹೊಂದಿಸಿ. 7.5ರಿಂದ 8.5ರೊಳಗೆ ಎಲ್ಲಾದರೂ ಒಂದು ಕಡೆ ನಿಂತರೆ ಸರಿ. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು), ಮೆಗ್ನೀಸಿಯಂ 1,300ರ ಹತ್ತಿರ. ಇವೆರಡು ಅಷ್ಟು ಬೇಗ ಅಲುಗಾಡುವುದಿಲ್ಲ, ವಾರಕ್ಕೊಮ್ಮೆ ನೋಡಿದರಾಯಿತು. ಮುಂದೆ ಡೋಸ್ ಜಾಸ್ತಿ ಬೇಕಾಗತೊಡಗಿದರೆ ಖುಷಿಪಡಿ. ಹವಳ ಮತ್ತೆ ಗೂಡು ಕಟ್ಟಲು ಶುರು ಮಾಡಿದೆ ಅಂತ ಅರ್ಥ.

ನೈಟ್ರೇಟ್, ಫಾಸ್ಫೇಟ್ ಸೊನ್ನೆ ಮಾಡಲು ಹೋಗಬೇಡಿ. ಮೈಯೊಳಗೆ ಪಾಚಿ ಮತ್ತೆ ಹೆಚ್ಚಬೇಕಾದರೆ ಅದಕ್ಕೂ ಗೊಬ್ಬರ ಬೇಕು. ಫಾಸ್ಫೇಟ್ ಸಿಗದೆ ನೈಟ್ರೇಟ್ ಮಾತ್ರ ಇದ್ದ ನೀರಿನಲ್ಲಿ ಹವಳಗಳು ಬಿಸಿಗೆ, ಬೆಳಕಿಗೆ ಇನ್ನೂ ಬೇಗ ಬಿಳಿಚುತ್ತವೆ ಅಂತ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಇರಲಿ. ಫಾಸ್ಫೇಟ್ ಹೀರುವ ಜಿಎಫ್‌ಓ ಹಾಕಿದ್ದರೆ ಸದ್ಯಕ್ಕೆ ತೆಗೆದಿಡಿ.

ಈಗ ಊಟ. ಜ್ವರ ಬಿಟ್ಟವರಿಗೆ ಗಂಜಿ ಕುಡಿಸುವ ಹಾಗೆ, ಸ್ವಲ್ಪ ಸ್ವಲ್ಪವೇ, ತಿನ್ನುವಷ್ಟೇ ಕೊಡಬೇಕು. ಹ್ಯಾಮರ್, ಅಕ್ಯಾನ್ ಎರಡೂ ದೊಡ್ಡ ಬಾಯಿಯವು. ಫ್ರೀಜ್ ಮಾಡಿದ ಮೈಸಿಸ್ ಅನ್ನುವ ಪುಟ್ಟ ಸೀಗಡಿಯನ್ನು ಕರಗಿಸಿ, ಸಣ್ಣಗೆ ಕತ್ತರಿಸಿಕೊಳ್ಳಿ. ದೀಪ ಆರಿದ ಮೇಲೆ, ಬೆರಳುಗಳು ಹೊರಗೆ ಬಂದಾಗ, ಪಂಪ್‌ಗಳನ್ನು 15–20 ನಿಮಿಷ ನಿಲ್ಲಿಸಿ. ಉದ್ದ ಪಿಪೆಟ್‌ನಿಂದ ಮೆಲ್ಲಗೆ ಮೇಲೆ ಬಿಡಿ. ಕ್ಲೀನರ್ ಸೀಗಡಿ ಇದ್ದರೆ ಹವಳದ ಬಾಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಪ್ಲಾಸ್ಟಿಕ್ ಬಾಟಲಿಯ ಮೇಲಿನ ಅರ್ಧ ಕತ್ತರಿಸಿ ಬುಟ್ಟಿಯಂತೆ ಮುಚ್ಚಿ, ಬಾಟಲಿಯ ಬಾಯಿಂದ ಊಟ ಬಿಡಿ. ಒಳ್ಳೆ ಉಪಾಯ, ನಾನು ಈಗಲೂ ಹೀಗೇ ಮಾಡುತ್ತೇನೆ. ವಾರಕ್ಕೆ ಎರಡು ಸಲ ಸಾಕು. ಹವಳ ಹಿಡಿದುಕೊಳ್ಳದೆ ಆಹಾರ ಜಾರಿ ಬಿದ್ದರೆ ತೆಗೆದುಬಿಡಿ, ಬಲವಂತ ಬೇಡ. ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಮಾಂಟಿಪೋರಾದ ಬಾಯಿ ತುಂಬ ಚಿಕ್ಕದು, ಅದಕ್ಕೆ ಪುಡಿ ಆಹಾರವನ್ನು ಸ್ವಲ್ಪವೇ ನೀರಲ್ಲಿ ಕಲಸಿ ಬಿಡಿ. ಮೀನುಗಳಿಗೆ ಚೆನ್ನಾಗಿ ಊಟ ಹಾಕಿದರೆ ಅವುಗಳ ಕಸದಿಂದಲೂ ಹವಳಕ್ಕೆ ಪಾಲು ಸಿಗುತ್ತದೆ.

ಅಕ್ರೊಪೋರಾದ ಕಥೆ ಬೇರೆ. ಅದು ಬಿಳಿಚಿದ್ದಲ್ಲ, ಮೈಯೇ ಕಳಚುತ್ತಿದೆ. ಇದಕ್ಕೆ ಕಾಯುವುದು ಮದ್ದಲ್ಲ, ಇವತ್ತೇ ಕತ್ತರಿಸಿ. ಸುಲಿದ ಗೆರೆಗಿಂತ ಒಂದೆರಡು ಸೆಂಟಿಮೀಟರ್ ಮೇಲೆ, ಚೆನ್ನಾಗಿರುವ ಜಾಗದಲ್ಲಿ, ಬೋನ್ ಕಟರ್‌ನಿಂದ (ಗಟ್ಟಿ ಹವಳ ಕತ್ತರಿಸುವ ಇಕ್ಕಳ) ತುದಿಗಳನ್ನು ತುಂಡು ಮಾಡಿ. ಅಯೋಡಿನ್ ಇರುವ ಡಿಪ್‌ನಲ್ಲಿ (ಹವಳ ಅದ್ದುವ ಔಷಧಿ ದ್ರಾವಣ) ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಅದ್ದಿ. ಸೂಪರ್ ಗ್ಲೂ ಜೆಲ್‌ನಿಂದ ಫ್ರ್ಯಾಗ್ ಪ್ಲಗ್‌ಗೆ (ಫ್ರ್ಯಾಗ್ ಅಂದರೆ ಹವಳದ ತುಂಡು, ಪ್ಲಗ್ ಅಂದರೆ ಅದನ್ನು ನಿಲ್ಲಿಸುವ ಪುಟ್ಟ ಬಿಲ್ಲೆ) ಅಂಟಿಸಿ, ನೀರು ಚೆನ್ನಾಗಿ ಓಡಾಡುವ, ಬೆಳಕು ಮಂದವಾಗಿರುವ ಕಡೆ ಇಡಿ. ಹತ್ತು ತುದಿಗಳಲ್ಲಿ ಮೂರು ಉಳಿದರೂ ನಿಮ್ಮ ಹವಳ ಉಳಿದ ಹಾಗೆ.

ಕತ್ತರಿಸಲು ಕೈ ನಡುಗುತ್ತದೆ, ನನಗೆ ಗೊತ್ತು. ಆದರೆ ಹವಳಕ್ಕೆ ತುಂಡಾಗುವುದು ಹೊಸದಲ್ಲ. ಬಿರುಗಾಳಿಗೆ ಮುರಿದ ಕೊಂಬೆಗಳಿಂದಲೇ ಸಮುದ್ರದಲ್ಲಿ ಅವು ಹರಡುತ್ತವೆ. ಫ್ಲಾರಿಡಾದ ಮೋಟ್ ಸಾಗರ ಪ್ರಯೋಗಾಲಯದಲ್ಲಿ ಡೇವಿಡ್ ವಾನ್ ಎಂಬ ವಿಜ್ಞಾನಿ ತೊಟ್ಟಿಯಿಂದ ಎಲ್ಕ್‌ಹಾರ್ನ್ ಹವಳವನ್ನು ಎತ್ತುವಾಗ ಅದು ಮುರಿದು, ಕೆಲವೇ ಪಾಲಿಪ್‌ಗಳು (ಹವಳವನ್ನು ಕಟ್ಟುವ ಒಂದೊಂದು ಪುಟ್ಟ ಜೀವಿ) ತಳದಲ್ಲಿ ಅಂಟಿಕೊಂಡು ಉಳಿದವು. ಸತ್ತೇ ಹೋಗುತ್ತವೆ ಅಂದುಕೊಂಡಿದ್ದವು ಕೆಲವು ವಾರಗಳಲ್ಲಿ ನಾಣ್ಯದಷ್ಟು ಅಗಲ ಬೆಳೆದಿದ್ದವು. ಹವಳವನ್ನು ಚಿಕ್ಕ ಚಿಕ್ಕ ಚೂರು ಮಾಡಿ ವೇಗವಾಗಿ ಬೆಳೆಸುವ ಅವರ ವಿಧಾನ ಅಲ್ಲಿಂದ ಬಂತು. ಈಗ ಕಡಲಿಗೆ ಹವಳ ಮರಳಿಸುವ ಕೆಲಸದಲ್ಲಿ ಅದನ್ನು ಬಳಸುತ್ತಾರೆ.

ಎರಡು ಎಚ್ಚರಿಕೆ. ಹ್ಯಾಮರ್‌ನ ತಲೆಯ (ಒಂದೊಂದು ಕೊಂಬೆಯ ತುದಿಯ) ಮೇಲೆ ಕಂದು ಲೋಳೆ ಕಂಡರೆ ಅದು ಬ್ರೌನ್ ಜೆಲ್ಲಿ ಅನ್ನುವ ರೋಗ, ಪಕ್ಕದ ತಲೆಗಳಿಗೂ ಹರಡುತ್ತದೆ. ಪಂಪ್ ನಿಲ್ಲಿಸಿ, ಸಣ್ಣ ಪೈಪಿನಿಂದ ಲೋಳೆ ಹೊರಗೆ ಎಳೆದು, ಆ ತಲೆಯನ್ನು ಕತ್ತರಿಸಿ ತೆಗೆಯಿರಿ. ಇನ್ನೊಂದು, ಟ್ಯಾಂಕ್‌ನಲ್ಲಿ ಜೊವ್ಯಾಂಥಿಡ್ (ಗುಂಡಿಯಂತೆ ಬಂಡೆಗೆ ಅಂಟಿ ಬೆಳೆಯುವ, ಹವಳದ ಬಳಗದ ಜೀವಿ) ಇದ್ದರೆ ಕೈಗವಸು, ಕನ್ನಡಕ ಇಲ್ಲದೆ ಕೈ ಹಾಕಬೇಡಿ. ಆ ಬಂಡೆಯನ್ನು ತೆಗೆದು ಉಜ್ಜುವುದು, ಬಿಸಿ ನೀರು ಹಾಕುವುದು, ಕುದಿಸುವುದು ಖಂಡಿತ ಬೇಡ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಅದರ ಆವಿ ಕುಡಿದು ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳಿವೆ.

ಎಷ್ಟು ದಿನ ಬೇಕು ಅಂತ ಕೇಳಿದ್ದೀರಿ. ಒಂದೆರಡು ತಿಂಗಳು ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಕೆಲವಕ್ಕೆ ಇನ್ನೂ ಜಾಸ್ತಿ. ಮೊದಲು ಬರುವುದು ಮಂಕು ಕಂದು. ಹೆಚ್ಚಾಗಿ ನೆರಳಿರುವ ಕಡೆಯಿಂದ ಶುರುವಾಗುತ್ತದೆ. ಚೆಂದ ಕಾಣುವುದಿಲ್ಲ, ಆದರೆ ನೀವು ಕಾಯುತ್ತಿರುವುದು ಅದಕ್ಕೇ. ಹಸಿರು, ನೇರಳೆ ಬಣ್ಣಗಳು ಆಮೇಲೆ ಬರುತ್ತವೆ. ಈ ನಡುವೆ ಮಾಂಟಿಪೋರಾ ಇದ್ದಕ್ಕಿದ್ದಂತೆ ಹೊಳೆಯುವ ಗುಲಾಬಿ ಅಥವಾ ನೀಲಿಗೆ ತಿರುಗಿದರೆ ವಾಸಿಯಾಯಿತು ಅಂತ ದೀಪ ಏರಿಸಬೇಡಿ. ಬೆಳಕಿನಿಂದ ಮೈ ಕಾಪಾಡಿಕೊಳ್ಳಲು ಹವಳ ತಾನೇ ಮಾಡಿಕೊಳ್ಳುವ ಬಣ್ಣ ಅದು. ಪಾಚಿ ಇನ್ನೂ ವಾಪಸ್ ಬಂದಿರುವುದಿಲ್ಲ.

ಮುಂದಿನ ಬೇಸಿಗೆಗೆ ಮೊದಲು ಟೆಂಪರೇಚರ್ ಕಂಟ್ರೋಲರ್ ಹಾಕಿಸಿ. 27 ಡಿಗ್ರಿ ದಾಟಿದರೆ ಹೀಟರ್ ಆರಿ, ನೀರಿನ ಮೇಲೆ ಗಾಳಿ ಬೀಸುವ ಫ್ಯಾನ್ ಓಡಬೇಕು, ನಿಮ್ಮ ಫೋನಿಗೆ ಸುದ್ದಿ ಬರಬೇಕು. ಫೀನಿಕ್ಸ್‌ನ ಒಣ ಹವೆಯಲ್ಲಿ ಬರೀ ಫ್ಯಾನೇ ನೀರನ್ನು ಎರಡು ಮೂರು ಡಿಗ್ರಿ ತಗ್ಗಿಸುತ್ತದೆ. ಟಾಪ್ ಆಫ್ ಡಬ್ಬ ಮಾತ್ರ ದೊಡ್ಡದಿರಲಿ. ಬ್ಯಾಟರಿಯಿಂದ ಓಡುವ ಏರ್ ಪಂಪ್ ಒಂದನ್ನು ತಂದಿಡಿ. ನಾನಿರುವುದು ಟೆಕ್ಸಾಸ್‌ನಲ್ಲಿ. 2021ರ ಫೆಬ್ರವರಿಯ ಚಳಿಗೆ ಇಲ್ಲಿ ಲಕ್ಷಗಟ್ಟಲೆ ಮನೆಗಳಲ್ಲಿ ಕರೆಂಟ್ ಹೋದಾಗ ನಮ್ಮ ಮೀನುಗಳನ್ನು ಉಳಿಸಿದ್ದು ಅಂಥದ್ದೇ ಒಂದು ಚಿಕ್ಕ ಪಂಪ್. ಬಿಸಿಯಲ್ಲಿ ಅದು ಇನ್ನೂ ಮುಖ್ಯ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ.

ತಮ್ಮನಿಗೆ ತುಂಡು ತೆಗೆದುಕೊಂಡು ಹೋಗುವ ಯೋಚನೆ ಬಿಟ್ಟುಬಿಡಿ. ಗಟ್ಟಿ ಹವಳಗಳನ್ನು ದೇಶ ದಾಟಿಸಲು ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು. ಭಾರತದಲ್ಲಂತೂ ಅವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ತಮ್ಮನಿಗೆ ಹವಳದ ಮೇಲೆ ಅಷ್ಟು ಆಸೆ ಇದ್ದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಲಿ. ನಮ್ಮ ಕರಾವಳಿಯಲ್ಲೇ ಹವಳ ನೋಡಿದ ಖುಷಿ ಬೇರೆಯೇ. ಫ್ರ್ಯಾಗ್ ಕೊಡಲೇಬೇಕು ಅಂತಿದ್ದರೆ ಫೀನಿಕ್ಸ್‌ನಲ್ಲೇ ಟ್ಯಾಂಕ್ ಇಟ್ಟಿರುವ ಗೆಳೆಯರಿಗೆ ಕೊಡಿ. ಮುಂದೆ ನಿಮ್ಮ ಟ್ಯಾಂಕ್‌ಗೆ ಏನಾದರೂ ಆದರೆ ಅವರಿಂದ ವಾಪಸ್ ಕೇಳಬಹುದು.

ಇವತ್ತಿನ ಉಪ್ಪಿನಂಶ, ಆಲ್ಕಲಿನಿಟಿ, ನೈಟ್ರೇಟ್, ಫಾಸ್ಫೇಟ್ ನಾಲ್ಕನ್ನೂ ಅಳೆದು ಈ ಉತ್ತರದ ಕೆಳಗೆ ಬರೆಯಿರಿ. ಹ್ಯಾಮರ್‌ನ ಬುಡದ ಫೋಟೊವನ್ನೂ ಹಾಕಿ. ನೀಲಿ ದೀಪ ಆರಿಸಿ, ಬಿಳಿ ಬೆಳಕಲ್ಲಿ ತೆಗೆಯಿರಿ. ನೀಲಿಯಲ್ಲಿ ಸತ್ತದ್ದೂ ಬದುಕಿದ್ದೂ ಒಂದೇ ಥರ ಕಾಣುತ್ತದೆ.