ರಿಯಾಯಿತಿ ಅಂಗಡಿಗೆ ಹೋದ ಮೇಲೂ ಬಿಲ್ಲು ಏರಿದ್ದೇಕೆ?

ಪ್ರಶ್ನೆ: ನಮ್ಮದು ನಾಲ್ಕು ಜನರ ಕುಟುಂಬ. ಇದುವರೆಗೆ ಬೀದಿಯ ದಿನಸಿ ಅಂಗಡಿಯಲ್ಲೇ ತಿಂಗಳ ಸಾಮಾನು ತರುತ್ತಿದ್ದೆವು. ಸುಮಾರು 6,200 ರೂಪಾಯಿ ಆಗುತ್ತಿತ್ತು. ಊರಾಚೆ ರಿಯಾಯಿತಿ ದರದ ದೊಡ್ಡ ಅಂಗಡಿಯೊಂದು ತೆರೆದ ಮೇಲೆ, ನಾಲ್ಕು ಕಾಸು ಉಳಿಯಬಹುದೆಂದು ಅಲ್ಲಿಗೆ ಹೋಗತೊಡಗಿದೆವು. ಕಳೆದ ತಿಂಗಳ ಬಿಲ್ಲು 7,480 ರೂಪಾಯಿ ಆಯಿತು. ಸಾಲದ್ದಕ್ಕೆ, ತಿಂಗಳಿಡೀ ಬರುತ್ತಿದ್ದ ನಾಲ್ಕು ಪ್ಯಾಕೆಟ್ ಎಣ್ಣೆ 25ನೇ ತಾರೀಖಿಗೇ ಮುಗಿಯಿತು. ಬಿಲ್ಲಿನ ಪ್ರತಿಯನ್ನೂ ನಾನು ಬರೆದುಕೊಂಡು ಹೋಗಿದ್ದ ಚೀಟಿಯನ್ನೂ ಜತೆಗಿಟ್ಟಿದ್ದೇನೆ. ನಾವು ಎಲ್ಲಿ ತಪ್ಪುತ್ತಿದ್ದೇವೆ? – ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಬಿಲ್ಲನ್ನು ಚೀಟಿಯ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಾಲನ್ನೂ ಓದಿದೆ. ಚೀಟಿಯಲ್ಲಿದ್ದ ಸಾಮಾನುಗಳಿಗೆ ನೀವು ಕೊಟ್ಟಿರುವುದು 5,720 ರೂಪಾಯಿ. ಬೀದಿಯ ಅಂಗಡಿಗಿಂತ ಇದು 480 ರೂಪಾಯಿ ಕಡಿಮೆ. ಆದ್ದರಿಂದ ಆ ಅಂಗಡಿಯಲ್ಲಿ ದರ ಅಗ್ಗವೆಂಬ ನಿಮ್ಮ ಎಣಿಕೆ ಸುಳ್ಳಲ್ಲ. ಉಳಿದ 1,760 ರೂಪಾಯಿ ಚೀಟಿಯಲ್ಲಿ ಇಲ್ಲದ ಸಾಮಾನಿನದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟು, ಎರಡು ಕೊಂಡರೆ ಒಂದು ಉಚಿತವಾಗಿ ಸಿಕ್ಕ ಬಿಸ್ಕತ್ತು, ನೂಡಲ್ಸಿನ ದೊಡ್ಡ ಪೊಟ್ಟಣ, ಒಂದು ಕಾಲೊರಸು, ಮಕ್ಕಳ ಎರಡು ಟೀ ಶರ್ಟು. ಇವುಗಳಲ್ಲಿ ಒಂದೂ ಕೆಟ್ಟ ವಸ್ತುವಲ್ಲ, ಆದರೆ ಮನೆಯಿಂದ ಹೊರಡುವಾಗ ಇವು ಬೇಕೆಂದು ನಿಮಗೆ ಅನ್ನಿಸಿರಲಿಲ್ಲ.

ಇಂತಹ ಅಂಗಡಿಗಳು ನಡೆಯುವ ಬಗೆಯನ್ನು ತಿಳಿದುಕೊಂಡರೆ ಹೀಗೇಕಾಗುತ್ತದೆಂದು ಅರ್ಥವಾಗುತ್ತದೆ. ನಮ್ಮ ದೇಶದಲ್ಲಿ ಈ ವ್ಯಾಪಾರಕ್ಕೆ ಹೆಸರಾದ ಡಿ-ಮಾರ್ಟನ್ನೇ ನೋಡಿ. ರಾಧಾಕಿಶನ್ ದಮಾನಿ ಅವರು 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಅದರ ಮೊದಲ ಮಳಿಗೆಯನ್ನು ತೆರೆದರು. ಬಾಡಿಗೆಯ ಹೊರೆಯಿಲ್ಲದಂತೆ ಹೆಚ್ಚಿನ ಮಳಿಗೆಗಳನ್ನು ಸ್ವಂತ ಕಟ್ಟಡದಲ್ಲೇ ನಡೆಸುವುದು, ಸರಕು ಕೊಟ್ಟವರಿಗೆ ಬೇಗ ಹಣ ಪಾವತಿಸಿ ಅವರಿಂದ ದರ ಇಳಿಸಿಕೊಳ್ಳುವುದು, ಆ ಇಳಿಕೆಯನ್ನು ಗಿರಾಕಿಗೆ ದಾಟಿಸಿ ಸರಕನ್ನು ಬೇಗ ಖಾಲಿ ಮಾಡುವುದು ಅದರ ಕ್ರಮ. ದಿನಸಿಯಲ್ಲಿ ಲಾಭ ತೀರ ತೆಳುವಾಗಿರುತ್ತದೆ. ಬಟ್ಟೆ, ಪಾತ್ರೆ, ಡಬ್ಬಿಗಳಂತಹ ಸಾಮಾನಿನಲ್ಲಿ ಹೆಚ್ಚಿರುತ್ತದೆ. ಅಕ್ಕಿ ಬೇಳೆಗೆಂದು ಬಂದವರು ಡಬ್ಬಿಯನ್ನೂ ಒಯ್ದರೆ ಅಂಗಡಿಗೆ ಗಿಟ್ಟುತ್ತದೆ. ಇದರಲ್ಲಿ ಮೋಸವೇನಿಲ್ಲ, ವ್ಯಾಪಾರವಿದೆ. ನಿಮಗೆ ಉಳಿತಾಯ ಬೇಕಿದ್ದರೆ ಅಕ್ಕಿ ಬೇಳೆಯ ಸಾಲಿನಲ್ಲಿ ನಡೆದು, ಡಬ್ಬಿಯ ಸಾಲಿಗೆ ಹೋಗದೆ ಹಿಂದಿರುಗಬೇಕು.

ಇನ್ನು ಎಣ್ಣೆಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಇದೇ. ಬೀದಿಯ ಅಂಗಡಿಯಲ್ಲಿ ನೀವು ಒಂದು ಲೀಟರಿನ ಪ್ಯಾಕೆಟ್ಟನ್ನು 150 ರೂಪಾಯಿಗೆ ತರುತ್ತಿದ್ದಿರಿ. ದೊಡ್ಡ ಅಂಗಡಿಯಲ್ಲಿ ಪ್ಯಾಕೆಟ್ಟಿಗೆ 132 ರೂಪಾಯಿ ಕೊಟ್ಟು, ಒಂದಕ್ಕೆ 18ರಂತೆ ನಾಲ್ಕಕ್ಕೆ 72 ರೂಪಾಯಿ ಉಳಿಯಿತೆಂದು ಚೀಟಿಯ ಅಂಚಿನಲ್ಲಿ ಗುರುತು ಹಾಕಿದ್ದೀರಿ. ಬಿಲ್ಲಿನ ಅದೇ ಸಾಲನ್ನು ಇನ್ನೊಮ್ಮೆ ನೋಡಿ: ಹೆಸರಿನ ಕೊನೆಯಲ್ಲಿ 850 ಮಿ.ಲೀ. ಎಂದಿದೆ. ನಾಲ್ಕು ಪ್ಯಾಕೆಟ್ ಸೇರಿದರೆ 3,400 ಮಿಲಿಲೀಟರ್. ಎಂದಿನ ನಾಲ್ಕು ಲೀಟರಿಗಿಂತ 600 ಮಿಲಿಲೀಟರ್ ಕಡಿಮೆ. ನಾಲ್ಕು ಲೀಟರ್ 30 ದಿನ ಬರುವ ಮನೆಯಲ್ಲಿ ಇಷ್ಟು ಎಣ್ಣೆ 25 ದಿನಕ್ಕೆ ಮುಗಿಯಲೇಬೇಕು. 132ನ್ನು 850ರಿಂದ ಭಾಗಿಸಿ 1,000ದಿಂದ ಗುಣಿಸಿದರೆ ಲೀಟರಿಗೆ 155 ರೂಪಾಯಿ ಬರುತ್ತದೆ. ಅಂದರೆ ಅಗ್ಗವೆಂದು ತಂದ ಎಣ್ಣೆ ಲೀಟರಿಗೆ ಐದು ರೂಪಾಯಿ ದುಬಾರಿ. ಒಟ್ಟು 480ರಲ್ಲಿ ಆ 72 ರೂಪಾಯಿ ಉಳಿತಾಯವೇ ಅಲ್ಲ. ಹೋಗಿಬರುವ ಆಟೋ ಬಾಡಿಗೆ 180 ಎಂದು ನೀವೇ ಬರೆದಿದ್ದೀರಿ. ಅದನ್ನೂ ಕಳೆದರೆ ನಿಜವಾಗಿ ಉಳಿದದ್ದು ಹೆಚ್ಚೆಂದರೆ 228 ರೂಪಾಯಿ.

ಕೆಲವು ಬಗೆಯ ಸಾಮಾನುಗಳನ್ನು ಇಂತಿಷ್ಟೇ ತೂಕದಲ್ಲಿ ಪ್ಯಾಕ್ ಮಾಡಬೇಕೆಂಬ ಹಿಂದಿನ ಕಟ್ಟಳೆಯನ್ನು ಕೇಂದ್ರ ಸರ್ಕಾರ ಕೈಬಿಟ್ಟಿದೆ. ಅದಕ್ಕೆ ಬದಲಾಗಿ, ಗ್ರಾಂ ಅಥವಾ ಮಿಲಿಲೀಟರಿಗೆ, ಪ್ಯಾಕೆಟ್ ದೊಡ್ಡದಾದರೆ ಕಿಲೋ ಅಥವಾ ಲೀಟರಿಗೆ, ಬೆಲೆ ಎಷ್ಟೆಂದು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಮಾಡಿದೆ. ಎಂ.ಆರ್.ಪಿ.ಯ ಆಸುಪಾಸಿನಲ್ಲಿ ಸಣ್ಣ ಅಕ್ಷರದಲ್ಲಿ ‘ಯು.ಎಸ್.ಪಿ.’ ಎಂದಿರುವ ಅಂಕಿ ಅದೇ. ಆದರೆ ಅದು ಎಂ.ಆರ್.ಪಿ.ಯ ಲೆಕ್ಕದ್ದು, ರಿಯಾಯಿತಿ ಕಳೆದ ದರದ್ದಲ್ಲ. ಆದ್ದರಿಂದ ಕೊನೆಯ ಭಾಗಾಕಾರವನ್ನು ನೀವೇ ಮೊಬೈಲಿನಲ್ಲಿ ಮಾಡಬೇಕಾಗುತ್ತದೆ. ಎಂ.ಆರ್.ಪಿ.ಯನ್ನು ಗೊತ್ತುಮಾಡುವವರು ತಯಾರಕರು. ಅದನ್ನು ಮೊದಲೇ ಎತ್ತರಕ್ಕಿಟ್ಟು ಶೇ. 40 ಕಡಿತ ಎಂದು ಬರೆದರೆ ಆ ಶೇಕಡಾ ನಮಗೆ ಏನನ್ನೂ ತಿಳಿಸುವುದಿಲ್ಲ; ಕಿಲೋಗೆ ಎಷ್ಟು ಬಿತ್ತು ಎಂಬುದೊಂದೇ ತಿಳಿಸುತ್ತದೆ. ಎಣ್ಣೆಯಲ್ಲಿ ಇನ್ನೊಂದು ತೊಡಕಿದೆ. ಒಂದು ಪ್ಯಾಕೆಟ್ಟಿನ ಮೇಲೆ ಮಿಲಿಲೀಟರ್, ಇನ್ನೊಂದರ ಮೇಲೆ ಗ್ರಾಂ ದೊಡ್ಡದಾಗಿ ಕಾಣಬಹುದು. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಎರಡನ್ನೂ ಹೋಲಿಸಬಹುದು.

ಬೇಳೆ, ಅಕ್ಕಿಯ ಬಗ್ಗೆ ಒಂದು ಮಾತು. 2022ರ ಜುಲೈ 18ರಿಂದ, ಲೇಬಲ್ ಹಾಕಿ ಮೊದಲೇ ಪ್ಯಾಕ್ ಮಾಡಿದ, 25 ಕಿಲೋವರೆಗಿನ ಧಾನ್ಯ ಮತ್ತು ಬೇಳೆಕಾಳಿಗೆ ಶೇ. 5 ಜಿ.ಎಸ್‌.ಟಿ. ಇದೆ, ನಿಮ್ಮೆದುರು ಚೀಲದಿಂದ ತೂಗಿಕೊಡುವ ಬಿಡಿ ಸಾಮಾನಿಗೆ ಇಲ್ಲ. ಹಾಗಾಗಿ ತೊಗರಿಬೇಳೆಗೆ ನಿಮ್ಮ ಬೀದಿಯ ಅಂಗಡಿಯ ಬಿಡಿ ದರವನ್ನು ಕೇಳದೆ ದೊಡ್ಡ ಅಂಗಡಿಗೆ ಹೊರಡಬೇಡಿ. ಬೀದಿಯ ಅಂಗಡಿಯವರನ್ನು ಪೂರ್ತಿ ಬಿಡಬೇಡಿರೆಂದೂ ನನ್ನ ವಿನಂತಿ. ಸಂಬಳ ತಡವಾದ ತಿಂಗಳು ಖಾತೆ ಪುಸ್ತಕದಲ್ಲಿ ಬರೆದುಕೊಂಡು ಉದ್ರಿ ಕೊಡುವವರು ಅವರೇ. ದೊಡ್ಡ ಅಂಗಡಿಗೆ ಎರಡು ತಿಂಗಳಿಗೊಮ್ಮೆ, ಊಟ ಮುಗಿಸಿಕೊಂಡು, ಸೋಪು, ಬಟ್ಟೆ ಪುಡಿ, ಸಕ್ಕರೆ, ಉಪ್ಪು, ಅಕ್ಕಿ ಮೂಟೆಗೆಂದು ಮಾತ್ರ ಹೋಗಿ ನೋಡಿ. ಆಟೋ ಬಾಡಿಗೆಯೂ ಅರ್ಧಕ್ಕಿಳಿಯುತ್ತದೆ.

ಪ್ರಶ್ನೆ: ಮನೆಯಲ್ಲಿ ನಾವು ವಯಸ್ಸಾದ ಇಬ್ಬರೇ. ಮಗ ಬಂದಾಗಲೆಲ್ಲ ರಿಯಾಯಿತಿ ಇತ್ತೆಂದು ಗೋಧಿ ಹಿಟ್ಟು, ರವೆ, ಬೇಳೆಗಳನ್ನು ಐದೈದು ಕಿಲೋ ತಂದುಹಾಕುತ್ತಾನೆ. ಮಳೆಗಾಲದಲ್ಲಿ ಹುಳು ಬಿದ್ದು ಎಸೆಯುವಂತಾಗಿದೆ. ಬೇಡವೆಂದರೆ ಅವನಿಗೆ ನೋವಾಗುತ್ತದೆ. – ಓದುಗರೊಬ್ಬರು, ಸಾಗರ

ಉತ್ತರ: ಮಲೆನಾಡಿನ ತೇವದಲ್ಲಿ ಹಿಟ್ಟು ಹೆಚ್ಚು ದಿನ ನಿಲ್ಲುವುದಿಲ್ಲ, ಐದು ಕಿಲೋದಲ್ಲಿ ಎರಡು ಕಿಲೋ ಎಸೆದರೆ ರಿಯಾಯಿತಿಯಲ್ಲಿ ಉಳಿದದ್ದಕ್ಕಿಂತ ಹೆಚ್ಚೇ ಹೋಯಿತು. ಮಗನಿಗೆ ಬೇಡವೆನ್ನುವ ಬದಲು ಏನು ಬೇಕೆಂದು ಮುಂಚೆಯೇ ಹೇಳಿ: ಸೋಪು, ತೆಂಗಿನೆಣ್ಣೆ, ಉಪ್ಪು, ಹಲ್ಲುಜ್ಜುವ ಪೇಸ್ಟು. ಇವು ಆರು ತಿಂಗಳಾದರೂ ಕೆಡುವುದಿಲ್ಲ, ಅವನು ತಂದದ್ದೂ ಸಾರ್ಥಕವಾಗುತ್ತದೆ. ಬೆಲ್ಲ ಮಾತ್ರ ಬೇಡ, ಮಳೆಗಾಲದಲ್ಲಿ ನೀರೊಡೆಯುತ್ತದೆ. ಈಗ ಮನೆಯಲ್ಲಿರುವ ರವೆಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರಿಳಿದು ಮುಗ್ಗುತ್ತದೆ. ತೊಗರಿಬೇಳೆಗೆ ಅಂಗೈಗೆ ಸವರಿಕೊಂಡ ಹರಳೆಣ್ಣೆಯನ್ನು ತೆಳುವಾಗಿ ಹಚ್ಚಿಡುವ ನಮ್ಮ ಹಿರಿಯರ ಕ್ರಮ ಇಂದಿಗೂ ಒಳ್ಳೆಯದೇ. ಬೇಯಿಸುವ ಮುನ್ನ ಬಿಸಿ ನೀರಿನಲ್ಲಿ ಎರಡು ಸಲ ತೊಳೆಯಿರಿ. ಗೋಧಿ ಹಿಟ್ಟು ಒಂದು ಕಿಲೋ ಪ್ಯಾಕೆಟ್ಟೇ ಸಾಕು, ಕಿಲೋಗೆ ಮೂರು ರೂಪಾಯಿ ಹೆಚ್ಚಾದರೂ ಸರಿಯೇ.

ಪ್ರಶ್ನೆ: ಕಪಾಟಿನ ಚೀಟಿಯಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು ದರ ಬಂದರೆ ಏನು ಮಾಡಬೇಕು? – ಓದುಗರೊಬ್ಬರು, ಬೆಂಗಳೂರು

ಉತ್ತರ: ಕೌಂಟರ್ ಬಿಟ್ಟು ಹೊರಡುವ ಮುನ್ನವೇ ಬಿಲ್ಲು ಓದಿ. ಕಪಾಟಿನ ಚೀಟಿಯ ಫೋಟೋ ಮೊಬೈಲಿನಲ್ಲಿದ್ದರೆ ವಾದವೇ ಬೇಕಾಗುವುದಿಲ್ಲ. ಬಹುಪಾಲು ಅಂಗಡಿಗಳಲ್ಲಿ ಅಲ್ಲೇ ಸರಿಪಡಿಸಿಕೊಡುತ್ತಾರೆ. ಎಂ.ಆರ್.ಪಿ.ಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುವುದೂ ಕಾನೂನಿಗೆ ವಿರುದ್ಧ. ಸರಿಪಡಿಸದಿದ್ದರೆ ಬಿಲ್ಲನ್ನು ಇಟ್ಟುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. ದರ ತೂಕ ಎರಡೂ ಕಾಣುವಂತೆ ಪೊಟ್ಟಣದ ಫೋಟೋ ತೆಗೆದಿಟ್ಟಿರಿ.