ನಡೆದರೆ ಹಸಿವು ಜಾಸ್ತಿ ಆಗುತ್ತಾ?

ಪ್ರಶ್ನೆ: ನನ್ನದು ಬಟ್ಟೆ ಅಂಗಡಿ, ದಿನವಿಡೀ ಗಲ್ಲಾದಲ್ಲಿ ಕೂರುವ ಕೆಲಸ. ಕೆಲವು ತಿಂಗಳಿಂದ ಬೆಳಿಗ್ಗೆ ಒಂದು ಗಂಟೆ ಬಿರುಸಾಗಿ ನಡೆಯುತ್ತಿದ್ದೇನೆ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಬೆಣ್ಣೆ ದೋಸೆ, ಸಂಜೆ ಅಂಗಡಿಯಲ್ಲೇ ಮಂಡಕ್ಕಿ-ಮಿರ್ಚಿ. ತೂಕ ಇಳಿದಿಲ್ಲ. ನಡೆಯುವುದರಿಂದಲೇ ಹಸಿವು ಜಾಸ್ತಿಯಾಗಿದೆ, ಬಿಟ್ಟುಬಿಡಿ ಅಂತ ಮನೆಯಲ್ಲಿ ಹೇಳುತ್ತಾರೆ. ನಿಜವೇ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ವಾಕಿಂಗ್ ಬಿಡಬೇಡಿ. ತಪ್ಪು ಅದರದ್ದಲ್ಲ.

ಏದುಸಿರು ಬರುವಷ್ಟು ಓಡಿದಾಗ ಅಥವಾ ಸೈಕಲ್ ತುಳಿದಾಗ ಹಸಿವು ಸ್ವಲ್ಪ ಹೊತ್ತು ಇಳಿಯುತ್ತದೆ. ಜಠರದಲ್ಲಿ ಹುಟ್ಟಿ ಹಸಿವು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನ್ ಆಗ ಕಡಿಮೆಯಾಗುತ್ತದೆ, ಹೊಟ್ಟೆ ತುಂಬಿತು ಅನ್ನಿಸುವ ಕರುಳಿನ ಹಾರ್ಮೋನುಗಳು ಏರುತ್ತವೆ. ನಡಿಗೆಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಆದರೆ ಒಂದು ಗಂಟೆ ನಡೆದ ಮಾತ್ರಕ್ಕೆ ಹಸಿವು ವಿಪರೀತ ಏರುವುದೂ ಇಲ್ಲ. ಹೆಚ್ಚಿನವರು ಎಡವುವುದು "ಇಷ್ಟು ನಡೆದಿದ್ದೀನಲ್ಲ, ತಿಂದರೇನಾಯ್ತು" ಅನ್ನುವ ಲೆಕ್ಕದಲ್ಲಿ. 70 ಕೆಜಿ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 300 ಕ್ಯಾಲೊರಿ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ ಹತ್ತಿರ ಹತ್ತಿರ 100 ಕ್ಯಾಲೊರಿ ಇರುತ್ತದೆ, ದೋಸೆ, ಪಲ್ಯ, ಚಟ್ನಿ ಬೇರೆ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ನಿಮ್ಮ ಗಲ್ಲಾ. ಆಹಾರ-ಪೋಷಣೆಯ ವಿಜ್ಞಾನಿ ಜೀನ್ ಮೇಯರ್ ಮತ್ತು ಸಂಗಡಿಗರು ಬಂಗಾಳದ ಸೆಣಬಿನ ಗಿರಣಿಯೊಂದರಲ್ಲಿ ಯಾರು ಎಷ್ಟು ದುಡಿಯುತ್ತಾರೆ, ಎಷ್ಟು ತಿನ್ನುತ್ತಾರೆ, ಎಷ್ಟು ತೂಗುತ್ತಾರೆ ಎಂದು ನೋಡಿ 1956ರಲ್ಲಿ ಪ್ರಕಟಿಸಿದ್ದರು. ಮೈಮುರಿದು ದುಡಿಯುವವರು ಜಾಸ್ತಿ ತಿನ್ನುತ್ತಿದ್ದರು, ಆದರೂ ತೂಕ ಹಿಡಿತದಲ್ಲಿತ್ತು. ಅಲ್ಲೇ ಕೂತು ಅಂಗಡಿ ನಡೆಸುವವರ ಊಟ ಮಾತ್ರ ಅವರ ಕೆಲಸಕ್ಕೆ ತಕ್ಕಂತೆ ಕಡಿಮೆ ಇರಲಿಲ್ಲ, ತೂಕದಲ್ಲಿ ಅವರೇ ಮುಂದೆ! ಅಂದರೆ ಮೈ ಅಲುಗಾಡದಿದ್ದರೆ ಹಸಿವಿಗೂ ಅಳತೆ ತಪ್ಪುತ್ತದೆ. ಬೆಳಿಗ್ಗೆ ಒಂದು ಗಂಟೆ ನಡೆದು, ಇನ್ನು ಹತ್ತು ಗಂಟೆ ಕೂತೇ ಇದ್ದರೆ ಹೇಗೆ ಹೇಳಿ? ಗಿರಾಕಿಗೆ ಸೀರೆ ತೋರಿಸಲು ನೀವೇ ಏಳಿ, ಮೇಲಿನ ಗೋಡೌನಿಗೆ ನೀವೇ ಹತ್ತಿ ಹೋಗಿ.

ಬೆಣ್ಣೆ ದೋಸೆ ಭಾನುವಾರಕ್ಕಿರಲಿ. ಉಳಿದ ದಿನ ವಾಕಿಂಗ್ ಮುಗಿಸಿ ಮನೆಗೇ ಬನ್ನಿ, ನೀರು ಕುಡಿದು ಮೊಳಕೆ ಹೆಸರುಕಾಳಿನ ಉಸಲಿಯೋ ಬೇಯಿಸಿದ ಮೊಟ್ಟೆಯೋ ತಿನ್ನಿ, ಮಧ್ಯಾಹ್ನದವರೆಗೆ ಹೊಟ್ಟೆ ತಡೆಯುತ್ತದೆ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಮಾತು ಬೇರೆ. ನಡೆದ ಮೇಲೆ ಕೈ ನಡುಗಿ, ತಣ್ಣಗೆ ಬೆವರಿ ಹಸಿವಾದರೆ ರಕ್ತದ ಸಕ್ಕರೆ ಇಳಿದಿರಬಹುದು. ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ತೆಗೆದುಕೊಳ್ಳಿ, ಅದೇ ದಿನ ನಿಮ್ಮ ಡಾಕ್ಟರಿಗೆ ತಿಳಿಸಿ.