ಪ್ರತಿಕ್ರಿಯೆ: ಹೇಡನ್ 50.73, ವಿಶ್ವನಾಥ್ 41.93 – ಹೋಲಿಸೋದು ಹೇಗೆ?

ನೀವು ಮಾಡಿದ ಟೆಸ್ಟ್ ಬ್ಯಾಟ್ಸ್‌ಮನ್‌ಗಳ ಪಟ್ಟಿಯಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಡನ್‌ಗಿಂತ ಅಷ್ಟು ಕೆಳಗೆ ಹೋಗಲು ಕಾರಣ, ನೀವು ಬರೀ ಸರಾಸರಿಯನ್ನು ಪಕ್ಕಪಕ್ಕ ಇಟ್ಟಿರುವುದು. 1970ರ ದಶಕದ 42 ರನ್, 2000ದ ದಶಕದ 42 ರನ್ ಒಂದೇ ಅಲ್ಲ.

ಮೊದಲು, ಒಬ್ಬೊಬ್ಬರು ಆಡಿದ ಟೆಸ್ಟ್‌ಗಳನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳಿ. ಆ ಪಂದ್ಯಗಳಲ್ಲಿ ಎರಡೂ ತಂಡಗಳ ಉಳಿದ ಮೊದಲ ಆರು ಬ್ಯಾಟ್ಸ್‌ಮನ್‌ಗಳ ಸರಾಸರಿ ಹುಡುಕಿ. ಇಎಸ್‌ಪಿಎನ್ ಕ್ರಿಕ್‌ಇನ್ಫೋ ಜಾಲತಾಣದ ಅಂಕಿಅಂಶ ಹುಡುಕುವ ವಿಭಾಗವಾದ ಸ್ಟ್ಯಾಟ್ಸ್‌ಗುರುವಿನಲ್ಲಿ ಬೇಕಾದ ಲೆಕ್ಕ ಸಿಗುತ್ತದೆ. ಆಮೇಲೆ ಆಟಗಾರನ ಸರಾಸರಿಯನ್ನು ಅದರಿಂದ ಭಾಗಿಸಿ, ಅನುಪಾತ ಸಿಗುತ್ತದೆ. ಸುಮ್ನೆ ಉದಾಹರಣೆಗೆ, ಉಳಿದವರು 30 ಇದ್ದಾಗ ಒಬ್ಬ 42 ಹೊಡೆದರೆ 1.4. ಉಳಿದವರು 40 ಇದ್ದಾಗ 50 ಹೊಡೆದರೆ 1.25. ಚಿತ್ರ ತಿರುಗಿತು, ಅಲ್ವಾ?

ನಂತರ ಎದುರಾಳಿ ಬೌಲರ್‌ಗಳನ್ನು ನೋಡಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ. 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ವೇಗಿ ಆಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶ್ವನಾಥ್ ಒಬ್ಬರೇ ಔಟಾಗದೆ 97. ಶತಕಗಳ ಪಟ್ಟಿಯಲ್ಲಿ ಆ ಇನ್ನಿಂಗ್ಸ್ ಕಾಣುವುದೇ ಇಲ್ಲ! ಭಾರತ ಆ ಪಂದ್ಯ ಗೆದ್ದಿತು. ಅದಕ್ಕೇ ತಂಡದ ಮೊತ್ತದಲ್ಲಿ ಆಟಗಾರನ ಪಾಲು ಎಷ್ಟು ಅಂತ ಇನ್ನೊಂದು ಕಾಲಂ ಸೇರಿಸಿ.

ಹೆಲ್ಮೆಟ್ ಇಲ್ಲದ ಕಾಲಕ್ಕೆ ಎಷ್ಟು ಅಂಕ ಜಾಸ್ತಿ ಕೊಡಬೇಕು? ಇದಕ್ಕೆ ಖಚಿತ ಲೆಕ್ಕವಿಲ್ಲ, ನಿಮ್ಮ ಅಂದಾಜೇ. ಹಾಗಾಗಿ ಅದನ್ನು ಅಂಕಿಯೊಳಗೆ ಬೆರೆಸಬೇಡಿ, ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆಯಿರಿ. ಅನುಪಾತದಲ್ಲಿ 0.05ರಷ್ಟು ವ್ಯತ್ಯಾಸ ಬಂದರೆ ಇಬ್ಬರನ್ನೂ ಸಮ ಅಂತಲೇ ಇಡಿ.